ನಾಲ್ಕೂವರೆ ಅಂಗುಲದ ತಗಡು

ಭಾನುವಾರ, 9 ನವೆಂಬರ್ 1986. ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ಬರೆಯಲು ಕೂತೆ.

ಬಟ್ಟೆ ಒಗೆಯುವ ಕಲ್ಲಿನ ಸಂದಿಯಲ್ಲಿ ಇವತ್ತು ಒಂದು ಸೋಪಿನ ಚೂರು ಸಿಕ್ಕಿತು. ತೇದು ತೇದು ಬಿಲ್ಲೆಯಷ್ಟು ತೆಳ್ಳಗಾಗಿ, ಬಿಸಿಲಿಗೆ ಒಣಗಿ, ಅಂಚು ಚೂಪಾಗಿತ್ತು. ಮೂಗಿನ ಹತ್ತಿರ ಹಿಡಿದೆ. ಆ ವಾಸನೆಗೆ ಊರಿನ ನಮ್ಮ ಹಿತ್ತಿಲ ಮನೆಯ ದೊಡ್ಡಮ್ಮ ನೆನಪಾದರು. ನೆನಪಿನ ಜೊತೆಗೇ ಸಿಟ್ಟೂ ಬಂತು. ಐದು ವರ್ಷವಾಗಿದೆ, ಅದು ಇನ್ನೂ ಆರಿಲ್ಲ.

ಅವರು ನಮಗೆ ಸಂಬಂಧಿಯಲ್ಲ. ನಮ್ಮ ಹಿತ್ತಿಲಿಗೂ ಅವರ ಹಿತ್ತಿಲಿಗೂ ನಡುವೆ ಒಂದು ಬೇಲಿ, ಅಷ್ಟೆ. ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಕೌದಿ ಹೊಲಿಯುತ್ತಿದ್ದರು. ನಮ್ಮ ಕಡೆ ಕೌದಿ ಎಂದರೆ ಕೈಗೆ ಸಿಕ್ಕಿದ ಚಿಂದಿಯನ್ನು ಸಿಕ್ಕಿದ ಹಾಗೆ ಹರಡಿ ಹೊಲಿಯುವುದು. ದೊಡ್ಡಮ್ಮನ ಕೌದಿ ಹಾಗಲ್ಲ. ಚೌಕಕ್ಕೆ ಚೌಕ ಕೂಡಿ, ನಾಲ್ಕು ಮೂಲೆ ಸೇರುವ ಕಡೆ ಸೂಜಿಮೊನೆಯಷ್ಟೂ ಆಚೀಚೆ ಇರುತ್ತಿರಲಿಲ್ಲ.

ಅದಕ್ಕೆ ಅವರ ಹತ್ತಿರ ಇದ್ದ ಸಾಮಾನು ಕೆಲವೇ. ಕಪ್ಪು ಬಟ್ಟೆಯ ಮೇಲೆ ಗುರುತು ಹಾಕಲು ಒಣಗಿದ ಸೋಪಿನ ಚೂರು. ಬಿಳಿ ಬಟ್ಟೆಗೆ ನೀಲಿ ಸವರಿದ ದಾರ. ಎರಡು ತುದಿ ಬಿಗಿಹಿಡಿದು ಮಧ್ಯೆ ಮೀಟಿದರೆ ನೆಟ್ಟಗೆ ಗೀಟು ಬೀಳುತ್ತಿತ್ತು, ಒಂದು ಒಗೆತಕ್ಕೆ ಹೋಗುತ್ತಿತ್ತು. ಬಟ್ಟೆ ಸರಿಯದಂತೆ ಒತ್ತಿಡಲು ಮರಳು ತುಂಬಿದ ತೆಂಗಿನ ಚಿಪ್ಪುಗಳು. ಯಾರಿಗೂ ಕೊಡದ ಒಂದು ಕತ್ತರಿ. ಮತ್ತೆ ಆ ತಗಡು.

ಸೀಮೆಎಣ್ಣೆ ಡಬ್ಬವನ್ನು ಬಿಡಿಸಿ, ಬಡಿದು ಮಟ್ಟ ಮಾಡಿ, ನಾಲ್ಕೂವರೆ ಅಂಗುಲದ ಚೌಕವಾಗಿ ಕತ್ತರಿಸಿ, ಅಂಚನ್ನು ಕಲ್ಲಿಗೆ ಉಜ್ಜಿದ್ದರು. ಹೊಲಿಗೆಗೆ ನಾಲ್ಕು ಕಡೆಯೂ ಕಾಲಂಗುಲ ಹೋದರೆ ಮೇಲೆ ಕಾಣುವುದು ನಾಲ್ಕು ಅಂಗುಲ. ಜಾರಬಾರದೆಂದು ಅಡಿಗೆ ಹುಣಸೆಬೀಜದ ಅಂಟಿನಲ್ಲಿ ಗೋಣಿಯ ತುಂಡು ಮೆತ್ತಿದ್ದರು. ಅವರಿಗೆ ಅಂಕಿ ಓದಲು ಬರುತ್ತಿರಲಿಲ್ಲ. ಒಂದು ದಿನ ನನ್ನ ಅಡಿಕೋಲು ತಂದು ಆ ತಗಡನ್ನು ನಾಲ್ಕು ಕಡೆಯೂ ಅಳೆದು ನೋಡಿದೆ. ನಾಲ್ಕೂ ಕಡೆ ಒಂದೇ.

"ಏನೇ, ನನ್ ತಗಡಿಗೆ ಪರೀಕ್ಷೆ ಮಾಡ್ತಿದ್ದೀಯಾ?" ಎಂದರು. "ಪಾಸೋ ಫೇಲೋ, ಏಳ್ಬುಡು."

ಪಾಸು ಎಂದೆ. ಅವರು ನಕ್ಕ ನಗು...

1981ರ ಜುಲೈ 6, ಸೋಮವಾರ. ಪಿಯುಸಿ ಮುಗಿಸಿ ಮನೆಯಲ್ಲಿದ್ದ ನಾನೂ ಊರಿನ ಮಹಿಳಾ ಸಮಾಜಕ್ಕೆ ಸೇರಿದ್ದೆ. ಕೊಬ್ಬರಿ ಮಂಡಿಯ ಪಕ್ಕದ ಕೋಣೆಯಲ್ಲಿ ಸಭೆ. ಅಧ್ಯಕ್ಷೆ ಆ ಮಂಡಿಯ ಯಜಮಾನರ ಹೆಂಡತಿ. ಹದಿನೈದನೇ ತಾರೀಖು ತಿಪಟೂರಿನಿಂದ ಒಬ್ಬ ಅಧಿಕಾರಿ ಬರುತ್ತಾರೆ, ಎರಡು ಕೌದಿ ಹೊಲಿದು ತೋರಿಸಬೇಕು, ಅವರು ಒಪ್ಪಿದರೆ ಊರಿಗೆ ಹೊಲಿಗೆ ತರಗತಿ ಬರುತ್ತದೆ ಎಂದರು. ಕಲಿಸುವವರು ಯಾರು ಎಂಬ ಪ್ರಶ್ನೆ ಏಳಲೇ ಇಲ್ಲ. ಎಲ್ಲರೂ ದೊಡ್ಡಮ್ಮನ ಕಡೆ ನೋಡಿದೆವು. ಅವರು ಸೆರಗನ್ನು ಬಾಯಿಗೆ ಹಿಡಿದುಕೊಂಡರು. ಯಾರಾದರೂ ತಮ್ಮನ್ನು ಟೀಚರ್ ಎನ್ನುತ್ತಾರೆ ಎಂಬುದನ್ನು ಅವರು ಕನಸಿನಲ್ಲೂ ಎಣಿಸಿರಲಿಲ್ಲ.

ಒಂದು ಕೌದಿಗೆ ಹನ್ನೆರಡು ಹದಿನೆಂಟಲಿ ಇನ್ನೂರ ಹದಿನಾರು ಚೌಕ. ಎರಡಕ್ಕೆ ನಾನೂರ ಮೂವತ್ತೆರಡು. "ಕತ್ರಿಸೋದು ನನಗೆ ಬುಡಿ. ನಾಕು ದಿನ ಕೊಡಿ ಸಾಕು" ಎಂದರು ದೊಡ್ಡಮ್ಮ.

ಅಧ್ಯಕ್ಷೆ ಒಪ್ಪಲಿಲ್ಲ. "ನಾಲ್ಕು ದಿನ ಕತ್ತರಿಸ್ತಾ ಕೂತ್ರೆ ಹೊಲಿಯೋದು ಯಾವಾಗ? ಹನ್ನೊಂದು ಜನ ಇದ್ದೀವಿ. ತಗಡಲ್ಲಿ ತಲೆಗೊಂದು ಚೌಕ ಕತ್ತರಿಸ್ಕೊಡಿ. ಅದನ್ನಿಟ್ಟು ಮುಂದಿಂದು, ಅದನ್ನಿಟ್ಟು ಅದರ ಮುಂದಿಂದು. ಒಂದೇ ದಿನಕ್ಕೆ ಮುಗೀತದೆ."

"ಬಟ್ಟೆ ಮೇಲೆ ಬಟ್ಟೆ ಮಡಗಿ ಗೀಟು ಎಳೀಬ್ಯಾಡಿ ಕಣ್ರವ್ವಾ" ಎಂದರು ದೊಡ್ಡಮ್ಮ. "ಗೀಟು ಅಂಚಿಂದ ಆಚೆ ಬೀಳ್ತದೆ. ಒಂದೊಂದ್ ಸಲಕ್ಕೂ ಒಂದ್ ದಾರದಷ್ಟು ಬೆಳೀತದೆ."

"ದಾರದಷ್ಟು ತಾನೆ? ನೀವೇನು ಚಿನ್ನ ತೂಗ್ತಿದ್ದೀರಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಇದನ್ನು ಬರೆಯದೆ ಬಿಟ್ಟರೆ ಉಳಿದದ್ದೆಲ್ಲ ಸುಳ್ಳಾಗುತ್ತದೆ.

ಮರುದಿನ ಹತ್ತು ಜನ ತಲೆಗೆ ನಲವತ್ತರಂತೆ ಕತ್ತರಿಸಿದೆವು. ದೊಡ್ಡಮ್ಮ ಉಳಿದ ಮೂವತ್ತೆರಡನ್ನು ತಗಡಿನಲ್ಲೇ ಕತ್ತರಿಸಿದರು. ಒಂದೊಂದು ಬಟ್ಟೆಯಿಂದಲೂ ಮೊದಲು ಒಂದು ಎಳೆ ಎಳೆದು, ನೇಯ್ಗೆ ಎತ್ತ ಹೋಗುತ್ತದೆಂದು ನೋಡಿ, ಆಮೇಲೆ ತಗಡು ಇಟ್ಟರು. ನಾವು ಮುಗಿಸಿ ಕಾಫಿ ಕುಡಿಯುವಾಗಲೂ ಅವರು ಕತ್ತರಿಸುತ್ತಿದ್ದರು. ಆ ಸಂಜೆ ನನ್ನ ಗುಡ್ಡೆಯನ್ನು ಮನೆಗೆ ತಂದು ಅಳೆದೆ. ದಿನಚರಿಯಲ್ಲಿ ಹೀಗಿದೆ: ಮೊದಲನೆಯದು ನಾಲ್ಕೂವರೆ ಅಂಗುಲ. ಹತ್ತನೆಯದು ನಾಲ್ಕೂವರೆಯ ಮೇಲೆ ಅರೆಕಾಲು. ಇಪ್ಪತ್ತೈದನೆಯದು ಐದಕ್ಕೆ ಅರೆಕಾಲು ಕಡಿಮೆ. ನಲವತ್ತನೆಯದು ಐದರ ಮೇಲೆ ಅರೆಕಾಲು.

ದೊಡ್ಡಮ್ಮ ಅಂಕಿಯಿಲ್ಲದೆ ಹೇಳಿದ್ದು ನನ್ನ ಅಂಕಿಗಳಲ್ಲಿ ಕೂತಿತ್ತು. ನಾನು ತಾರೀಖು ಹಾಕಿ ಪುಸ್ತಕ ಮುಚ್ಚಿಟ್ಟೆ.

ಹೊಲಿಯಲು ಕೂತಾಗ ಎಲ್ಲರಿಗೂ ಗೊತ್ತಾಯಿತು. ದೊಡ್ಡ ಚೌಕವನ್ನು ಸುಕ್ಕು ಹಿಡಿದು ಚಿಕ್ಕದಕ್ಕೆ ಸೇರಿಸಿದೆವು. ದೊಡ್ಡಮ್ಮ ಎರಡು ಸಲ ಬಿಚ್ಚೋಣ ಎಂದರು. "ಒಗೆದ್ರೆ ಸರಿಹೋಗ್ತದೆ" ಎಂದು ಅಧ್ಯಕ್ಷೆ ಎರಡು ಸಲವೂ ತಡೆದರು. ಹದಿನೈದನೇ ತಾರೀಖು ಕೌದಿಗಳನ್ನು ಹಾಸಿದರೆ ಒಂದೂ ನೆಲಕ್ಕೆ ಕೂರಲಿಲ್ಲ. ಮಧ್ಯೆ ಉಬ್ಬಿ, ಒಂದು ಮೂಲೆ ಮೇಲೆದ್ದು...

ಬಂದ ಅಧಿಕಾರಿಯೂ ಹೆಂಗಸೇ. ಕಾಲಿನಿಂದ ಉಬ್ಬನ್ನು ಮೆಲ್ಲಗೆ ಒತ್ತಿ, "ಇದಕ್ಕೆ ಅಳತೆ ಕೊಟ್ಟೋರು ಯಾರು?" ಎಂದರು.

"ಅವರೇ ಮೇಡಂ" ಎಂದು ಅಧ್ಯಕ್ಷೆ ಬೆರಳು ತೋರಿಸಿದರು. "ಪಾಪ, ಓದು ಬರಹ ಇಲ್ಲ. ಅಂಗುಲ ಅಂದ್ರೆ ಏನೂಂತ ಗೊತ್ತಾಗಲ್ಲ ಅವರಿಗೆ."

ಪಾಪವಂತೆ! ಆ ಒಂದು ಮಾತಿಗೆ ನನ್ನ ಮೈ ಇವತ್ತಿಗೂ ಉರಿಯುತ್ತದೆ.

ದೊಡ್ಡಮ್ಮ ಜಗಳ ಆಡಲಿಲ್ಲ. ತಮ್ಮ ಪಾಲಿನ ಮೂವತ್ತೆರಡರ ಮೇಲೆ ಹೆಚ್ಚಿಗೆ ಕತ್ತರಿಸಿಟ್ಟುಕೊಂಡಿದ್ದ ಏಳು ಚೌಕಗಳನ್ನು ಮಡಿಲಿನಿಂದ ತೆಗೆದು, ಒಂದರ ಮೇಲೊಂದು ಇಟ್ಟು, ಅಂಗೈಯಲ್ಲಿ ಒತ್ತಿ, ಅಧಿಕಾರಿಯ ಮುಂದೆ ಸರಿಸಿದರು. ಏಳೂ ಸೇರಿ ಒಂದೇ ಬಟ್ಟೆಯಂತಿದ್ದವು. ಅಧಿಕಾರಿ ಗಡಿಯಾರ ನೋಡಿಕೊಂಡರು. ಆಗ ದೊಡ್ಡಮ್ಮ ನಮ್ಮೆಲ್ಲರ ಮುಖವನ್ನು ಒಂದು ಸುತ್ತು ನೋಡಿದರು. ಹತ್ತು ಜನ. ಒಬ್ಬರೂ ತುಟಿ ಬಿಚ್ಚಲಿಲ್ಲ. ನನ್ನ ಚೀಲದಲ್ಲಿ ದಿನಚರಿ ಇತ್ತು.

ಎರಡು ದಿನ ಬಿಟ್ಟು ಧೈರ್ಯ ಮಾಡಿ ಅಧ್ಯಕ್ಷೆಯ ಮನೆಗೆ ಹೋಗಿ ಪುಟ ತೆರೆದು ತೋರಿಸಿದೆ. ಅವರು ನೋಡಲೂ ಇಲ್ಲ. "ಪಿಯುಸಿ ಓದಿದ್ದೀಯ ಅಂತ ನಮಗೇ ಲೆಕ್ಕ ಹೇಳ್ಕೊಡಬೇಡ ಕಣಮ್ಮ. ಆಗಿದ್ದು ಆಗೋಯ್ತು, ಬುಡು."

ಕೌದಿ ಕೆಟ್ಟಿದ್ದರೂ ತರಗತಿ ಮಾತ್ರ ಊರಿಗೆ ಬಂತು. ಟೀಚರಾಗಿ ಅಧ್ಯಕ್ಷೆಯ ನಾದಿನಿ ಬಂದರು. ಸಮಾಜದ ಕೆಲಸಕ್ಕೆ ಬಳಸಿದ್ದು ಸಮಾಜದ್ದು ಎಂದು ದೊಡ್ಡಮ್ಮನಿಂದ ತಗಡನ್ನು ಈಸಿಕೊಂಡು ಹೋದರು. ಅದನ್ನು ತೋರಿಸಿ ಅಂಥದೇ ಹನ್ನೆರಡು ಮಾಡಿಸಿದರು. ಬಟ್ಟೆಯ ಮೇಲೆ ಬಟ್ಟೆ ಇಟ್ಟು ಗೀಟು ಎಳೆಯಬಾರದು ಎಂಬುದು ಆ ತರಗತಿಯ ಮೊದಲ ಪಾಠವಾಯಿತು! ಯಾರು ಹೇಳಿದ ಪಾಠ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಇತ್ತ ಊರಿನಲ್ಲಿ ಬಾಣಂತಿಯರ ಮನೆಯವರು ಕೂಸಿನ ಕೌದಿಗೆ ದೊಡ್ಡಮ್ಮನ ಬಾಗಿಲಿಗೆ ಬರುವುದು ನಿಂತಿತು. "ಆಯಮ್ಮಂಗೆ ಅಳತೆ ಬರಲ್ವಂತೆ" ಎಂದು ನಲ್ಲಿಯ ಹತ್ತಿರ ನನ್ನ ಕಿವಿಯಾರೆ ಕೇಳಿದ್ದೇನೆ.

ಒಂದು ಮಧ್ಯಾಹ್ನ ಬೇಲಿ ದಾಟಿ ಹೋಗಿ, ನನಗೆ ಎಲ್ಲ ಗೊತ್ತಿತ್ತು, ಬರೆದುಕೊಂಡಿದ್ದೆ ಎಂದು ಹೇಳಿದೆ. ಸಮಾಧಾನವಾದೀತು ಎಂದುಕೊಂಡಿದ್ದೆ. ದೊಡ್ಡಮ್ಮ ಅಕ್ಕಿ ಆರಿಸುವುದನ್ನು ನಿಲ್ಲಿಸಿದರು.

"ಬರ್ಕೊಂಡಿದ್ಯಾ? ಬರ್ಕೊಂಡು ಯಾರ್ಗೆ ತೋರ್ಸೋಕೆ ಅಂತ ಮಡಿಕ್ಕೊಂಡಿದ್ದೆ? ಅವತ್ತು ಬಾಯಿ ಎಲ್ಲೋಗಿತ್ತೇ?"

ನಾನು ಅತ್ತೆ. ಅವರು ಸುಮ್ಮನಿರು ಎನ್ನಲಿಲ್ಲ. ಎನ್ನಬೇಕಾಗಿಯೂ ಇರಲಿಲ್ಲ.

ಮುಂದಿನ ವರ್ಷ ಅವರು ಹುಳಿಯಾರಿನ ಕಡೆ ತಂಗಿಯ ಊರಿಗೆ ಹೊರಟುಹೋದರು. ಯಾವ ಊರೆಂದು ನಾನು ಕೇಳಿಟ್ಟುಕೊಳ್ಳಲಿಲ್ಲ. ನನಗೆ ತಿಪಟೂರಿನಲ್ಲಿ ಕೆಲಸ ಸಿಕ್ಕಿತು. ಕಳೆದ ತಿಂಗಳು ಕಂದಿಕೆರೆಯ ಒಂದು ಮದುವೆಯಲ್ಲಿ ಪರಿಚಯದ ಹೆಂಗಸೊಬ್ಬರು ಊಟದ ಪಂಕ್ತಿಯಲ್ಲಿ ಹೇಳಿದರು: ದೊಡ್ಡಮ್ಮ ತೀರಿಕೊಂಡು ಎರಡು ವರ್ಷವಾಯಿತಂತೆ. ಎಲ್ಲದಕ್ಕೂ ತಾರೀಖು ಬರೆದಿಡುವ ನನ್ನ ಹತ್ತಿರ ಆ ತಾರೀಖು ಇಲ್ಲ.

ಈಗ ಹತ್ತು ಗಂಟೆ. ಅವರಿಗೆ ಅಳತೆ ಬರುತ್ತಿತ್ತು. ಕೆಟ್ಟದ್ದು ನಮ್ಮ ನಾನೂರು ಚೌಕ, ಅವರವಲ್ಲ. ಅವತ್ತು ಆ ಕೋಣೆಯಲ್ಲಿದ್ದ ಉಳಿದ ಒಂಬತ್ತು ಜನರಲ್ಲಿ ಇದನ್ನು ಓದುವವರು ಹೌದೆಂದೋ ಅಲ್ಲವೆಂದೋ ಈ ಪತ್ರಿಕೆಗೆ ಒಂದು ಕಾರ್ಡು ಬರೆಯಿರಿ. ಹುಳಿಯಾರಿನ ಸುತ್ತಮುತ್ತ ಕೌದಿ ಹೊಲಿಯುತ್ತಿದ್ದ ಅಂಥ ಒಬ್ಬ ಮುದುಕಿಯನ್ನು ಕಂಡವರಿದ್ದರೆ ಅವರೂ ಬರೆಯಿರಿ. ಅಲ್ಲಿನ ಜನ ಅವರ ಕೈಯಿಂದ ಬಟ್ಟೆ ಕತ್ತರಿಸಿಕೊಂಡರೇ? ಕೊನೆಯ ಎರಡು ವರ್ಷ ಅವರು ಕೆಲಸ ಮಾಡಿದರೋ, ಸುಮ್ಮನೆ ಕೂತಿದ್ದರೋ... ನನಗೆ ಗೊತ್ತಿಲ್ಲ.