ರೇಡಿಯೋ ಅಮ್ಮ ಕೊಟ್ಟ ನೂರು ಓಮ್

ಮೊನ್ನೆ ಕೆ.ಆರ್. ನಗರದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಮಿಕ್ಸಿ ರಿಪೇರಿಗೆ ಕೊಟ್ಟು ಕಾಯುತ್ತಿದ್ದೆ. ರಿಪೇರಿಯವನು ಕಾದ ಸೋಲ್ಡರಿಂಗ್ ಕಡ್ಡಿಯನ್ನು ರಾಳದ ಡಬ್ಬಿಯಲ್ಲಿ ಅದ್ದಿದ. ಚುಯ್ ಎಂದು ಬಿಳಿ ಹೊಗೆ ಎದ್ದು ಮೂಗಿಗೆ ಬಡಿಯಿತು. ಆ ವಾಸನೆ... ಸುಮಾರು ಐವತ್ತು ವರ್ಷ ಹಿಂದಕ್ಕೆ ಎಳೆದೊಯ್ದು, ಹುಣಸೂರಿನ ಒಂದು ಅಂಗಡಿಯ ಬೆಂಚಿನ ಮೇಲೆ ಕೂರಿಸಿಬಿಟ್ಟಿತು. ಮಿಕ್ಸಿ ಆಯಿತೆಂದು ಅವನು ಎರಡು ಸಲ ಕೂಗಬೇಕಾಯಿತು.

ಆ ಅಂಗಡಿ ನಡೆಸುತ್ತಿದ್ದವರನ್ನು ಊರೆಲ್ಲ ರೇಡಿಯೋ ಅಮ್ಮ ಎಂದೇ ಕರೆಯುತ್ತಿತ್ತು. ಅವರ ಗಂಡ ಮಿಲಿಟರಿಯಲ್ಲಿ ವೈರ್‌ಲೆಸ್ ರಿಪೇರಿ ಮಾಡಿ ನಿವೃತ್ತರಾಗಿ ಬಂದವರು. ಅಂಗಡಿ ತೆರೆದ ಕೆಲವೇ ವರ್ಷಕ್ಕೆ ಕಣ್ಣು ಹೋಯಿತಂತೆ. ಅವರು ಬಾಯಲ್ಲಿ ಹೇಳುವುದು, ಈಕೆ ಕೈಯಲ್ಲಿ ಮಾಡುವುದು. ಹೀಗೆ ಕಲಿತ ವಿದ್ಯೆ. ಗಂಡ ತೀರಿಕೊಂಡ ಮೇಲೂ ಅಂಗಡಿಯ ಬಾಗಿಲು ಮುಚ್ಚಲಿಲ್ಲ. ಹೊಸಬರು ಯಾರಾದರೂ ಬಂದು "ಯಜಮಾನ್ರು ಇಲ್ವಾ?" ಎಂದರೆ ತಲೆ ಎತ್ತದೆಯೇ "ನಾನೇ ಕಣಪ್ಪ, ಏನಾಗದೆ ರೇಡಿಯೋಗೆ?" ಎನ್ನುತ್ತಿದ್ದರು. ಮದುವೆಗಳಿಗೆ ಬಾಡಿಗೆಗೆ ಹೋಗುವ ಒಂದು ದೊಡ್ಡ ಆಂಪ್ಲಿಫೈಯರ್ ಕೂಡ ಅವರಲ್ಲಿತ್ತು. ಅದನ್ನು ಮಾತ್ರ ಯಾರಿಗೂ ಮುಟ್ಟಲು ಬಿಡುತ್ತಿರಲಿಲ್ಲ.

ನಾನಾಗ ಊರಾಚೆಯ ಹೊಗೆಸೊಪ್ಪಿನ ಕಾರ್ಖಾನೆಯಲ್ಲಿ ಮೀಟರುಗಳನ್ನು ನೋಡಿಕೊಳ್ಳುವ ಮೆಕ್ಯಾನಿಕ್. ಕೈಗೆ ಹೊಸ ಗಡಿಯಾರ, ಜೇಬಲ್ಲಿ ಸ್ಕ್ರೂಡ್ರೈವರ್. ನನ್ನ ಸಮ ಯಾರಿಲ್ಲ ಎಂಬ ಭ್ರಮೆ ಬೇರೆ.

ಸೊಪ್ಪು ಒಣಗಿಸುವ ದೊಡ್ಡ ಯಂತ್ರವೊಂದಿತ್ತು. ಅದರೊಳಗಿನ ಬಿಸಿಯನ್ನು ಒಂದು ಕಂಟ್ರೋಲರ್ ಕಾಯುತ್ತಿತ್ತು. ಬಿಸಿ ನಾವು ಗುರುತಿಟ್ಟ ಡಿಗ್ರಿಗೆ ಬಂದರೆ ಟಕ್ ಎಂದು ಉಗಿ ನಿಲ್ಲಿಸಬೇಕು. ಅಷ್ಟೇ ಅದರ ಕೆಲಸ. ಆ ಯಂತ್ರದ ಪಾಳಿ ಕಾಳಯ್ಯನದು. ಹನಗೋಡಿನಾಚೆ ಕಾಡಂಚಿನ ಗಿರಿಜನರ ಹಾಡಿಯವನು. ಕೂಲಿಯಾಗಿ ಸೇರಿ, ನೋಡಿ ನೋಡಿಯೇ ಯಂತ್ರ ನಡೆಸಲು ಕಲಿತಿದ್ದ. ಆ ವಾರ ಎರಡು ಸಲ ಸೊಪ್ಪು ಅತಿಯಾಗಿ ಒಣಗಿ ಮುಟ್ಟಿದರೆ ಪುಡಿಯಾಗುವಂತೆ ಹೊರಬಂತು. ಸಾಹೇಬರು ಕಾಳಯ್ಯನನ್ನು ಹಿಡಿದರು. ಕಂಟ್ರೋಲರನ್ನು ಬಳಸಿ ಹೋಗುವ ಉಗಿಯ ಕೈವಾಲ್ವನ್ನು ತೆರೆದಿಟ್ಟು ಮಾತಾಡುತ್ತ ನಿಂತಿದ್ದೀಯ ಎಂದರು.

"ಇಲ್ಲ ಬುದ್ಧಿ, ನಾನ್ ಮುಟ್ನೇ ಇಲ್ಲ. ಬಾಗ್ಲತ್ರ ಕೈ ಇಟ್ರೆ ಗೊತ್ತಾಯ್ತದೆ, ಬಿಸಿ ಏರ್ತಾನೇ ಓಯ್ತದೆ, ಅದು ನಿಲ್ಸಾಕಿಲ್ಲ" ಎಂದ ಕಾಳಯ್ಯ.

ಸಾಹೇಬರು ನನ್ನತ್ತ ತಿರುಗಿ, ಕಂಟ್ರೋಲರ್ ನೋಡಿ ಹೇಳು ಎಂದರು.

ಯಂತ್ರದೊಳಗಿನ ಬಿಸಿ ಕಂಟ್ರೋಲರಿಗೆ ತಿಳಿಯುತ್ತಿದ್ದದ್ದು ಒಂದು ಸಣ್ಣ ತಂತಿಯಿಂದ. ಬಿಸಿ ಏರಿದಷ್ಟೂ ಆ ತಂತಿಯ ರೋಧ, ಎಂದರೆ ಕರೆಂಟಿಗೆ ಅದು ಒಡ್ಡುವ ತಡೆ, ಏರುತ್ತದೆ. ಅದನ್ನು ಅಳೆಯುವುದು ಓಮ್ ಎಂಬ ಮಾನದಲ್ಲಿ. ಆ ತಂತಿಯನ್ನು ಬಿಚ್ಚಿ, ಅದರ ಜಾಗಕ್ಕೆ ತಿರುಗಿಸಿದಂತೆ ರೋಧ ಬದಲಾಗುವ ಪೊಟೆನ್ಷಿಯೋಮೀಟರ್ ಒಂದನ್ನು ಕಟ್ಟಿದರೆ, ಕೈಯಿಂದಲೇ ಬಿಸಿಯನ್ನು ಏರಿಸಿ ಇಳಿಸಿದ ಹಾಗೆ ಕಂಟ್ರೋಲರನ್ನು ನಂಬಿಸಬಹುದು. ಇಷ್ಟು ನನಗೆ ಗೊತ್ತಿತ್ತು. ಎಂಥದ್ದನ್ನು ಕಟ್ಟಬೇಕು ಎಂಬುದು ಗೊತ್ತಿರಲಿಲ್ಲ. ತಿರುಗುವುದೆಲ್ಲ ಒಂದೇ ಎಂದುಕೊಂಡು ರೇಡಿಯೋ ಅಮ್ಮನ ಅಂಗಡಿಯಿಂದ ಒಂದು ಹಳೆಯ ವಾಲ್ಯೂಮ್ ಕಂಟ್ರೋಲ್ ತಂದು ಸಿಕ್ಕಿಸಿದೆ. ಮುಟ್ಟಿದ್ದೇ ತಡ, ಕಂಟ್ರೋಲರಿನ ಮುಳ್ಳು ಈ ತುದಿಯಿಂದ ಆ ತುದಿಗೆ ಹಾರಿತು. ಟಕ್ ಎಂದಿತು. ಹಿಂದಕ್ಕೆ ತಿರುಗಿಸಿದೆ, ಮತ್ತೆ ಟಕ್. "ಕಂಟ್ರೋಲರ್ ಸರಿಯಾಗಿದೆ ಸರ್" ಎಂದೆ. ಸಾಹೇಬರು ಕಾಳಯ್ಯನಿಗೆ ನಾಳೆಯಿಂದ ಬರಬೇಡ ಎಂದರು. ಅವನು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ಹೋದ.

ಸಂಜೆ ವಾಲ್ಯೂಮ್ ಕಂಟ್ರೋಲ್ ವಾಪಸ್ ಕೊಡಲು ಹೋದಾಗ ರೇಡಿಯೋ ಅಮ್ಮ ಸುಮ್ಮನೆ ಕೇಳಿದರು, ಯಾತಕ್ಕೆ ಬೇಕಿತ್ತು ಎಂದು. ನಾನು ಜಂಬದಿಂದಲೇ ಎಲ್ಲ ಹೇಳಿದೆ. ಅವರು ಸೋಲ್ಡರಿಂಗ್ ಕಡ್ಡಿ ಕೆಳಗಿಟ್ಟರು.

"ನಿನ್ ತಂತಿದು ಎಷ್ಟು ಓಮು?"

"ನೂರರಿಂದ ನೂರೈವತ್ತರೊಳಗೆ ಅಮ್ಮ."

"ಇದು ಐದು ಲಕ್ಷ ಕಣೋ! ಕೂದಲೆಳೆಯಷ್ಟು ತಿರುಗ್ಸುದ್ರೆ ನಿನ್ ಮೀಟ್ರು ದಾಟೋಯ್ತದೆ. ಅದೂ ಅಲ್ದೆ ಇದು ಕಿವಿಗೆ ಅಂತ ಮಾಡಿರೋದು, ಮೊದ್ಲು ಮೆಲ್ಲಗೆ, ಆಮೇಲೆ ದಡಬಡ ಏರ್ತದೆ. ಬಿಸಿ ಅಂಗೆ ಏರ್ತದಾ? ನೀನು ನೋಡಿದ್ದು ಎರಡು ತುದಿ ಅಷ್ಟೇಯ. ನಡುವೆ ಏನಾಯ್ತದೆ ಅಂತ ನೋಡ್ದಾ?"

ನಾನು ನೋಡಿರಲಿಲ್ಲ. ಒಬ್ಬನ ಅನ್ನ ಹೋಗಿದ್ದು ನನ್ನ ಮಾತಿನಿಂದ.

ಅವರು ಮತ್ತೆ ಬೈಯಲಿಲ್ಲ. ಎದ್ದು ಹೋಗಿ, ಯಾರಿಗೂ ಮುಟ್ಟಗೊಡದ ಆ ಆಂಪ್ಲಿಫೈಯರನ್ನು ಮಗುಚಿ ಹಾಕಿದರು. ಅದರೊಳಗೆ ಗುಂಯ್‌ಗುಡುವ ಸದ್ದನ್ನು ಅಡಗಿಸಲು ನೂರು ಓಮಿನ, ತಂತಿ ಸುತ್ತಿದ ಒಂದು ಪುಟ್ಟ ಪೊಟೆನ್ಷಿಯೋಮೀಟರ್ ಇರುತ್ತದೆ. ಅದನ್ನೇ ಕಳಚಿದರು. ಜೊತೆಗೆ ನೂರು ಓಮಿನ ಒಂದು ರೆಸಿಸ್ಟರ್ ಬೆಸೆದರು, ತಿರುವು ನೂರರಿಂದ ಮೇಲಕ್ಕೇ ಶುರುವಾಗಲಿ ಎಂದು. ರಟ್ಟಿನ ಮೇಲೆ ಸುತ್ತು ಬರೆದು, ತಮ್ಮ ಮೀಟರಿನಲ್ಲಿ ಅಳೆದಳೆದು ನನ್ನಿಂದಲೇ ಡಿಗ್ರಿಯ ಗೆರೆ ಹಾಕಿಸಿದರು. ಗೆರೆಗಳೆಲ್ಲ ಒಂದೇ ಅಂತರದಲ್ಲಿ ಬಂದವು.

"ಭಾನುವಾರ ರಾವಂದೂರಲ್ಲಿ ಮದುವೆಗೆ ಒಪ್ಕೊಂಡಿದ್ದೀರಲ್ಲ ಅಮ್ಮ?"

"ಗುಂಯ್ ಅಂದ್ರೆ ಅನ್ಲಿ ಬುಡು. ಓಲಗದ ಮುಂದೆ ಯಾರ್ಗ್ ಕೇಳುಸ್ತದೆ? ನೀನ್ ನಿಧಾನಕ್ಕೆ ತಿರುಗ್ಸು. ಒಲೆ ಮೇಲಿನ್ ನೀರ್ ಕಾಯೋ ಹಂಗೆ."

ಮಾರನೆಯ ಬೆಳಗ್ಗೆ ಹಾಗೆಯೇ ಮಾಡಿದೆ. ಮುಳ್ಳು ಗೆರೆ ಗೆರೆಯಾಗಿ ಏರಿತು. ಗುರುತಿಟ್ಟ ಡಿಗ್ರಿಗೆ ಬಂತು. ಟಕ್ ಎನ್ನಲಿಲ್ಲ. ಒಂದು ಡಿಗ್ರಿ ಮುಂದೆ, ಎರಡು, ಐದು... ಹತ್ತು ಡಿಗ್ರಿ ದಾಟಿದ ಮೇಲೆ ಸೋಮಾರಿಯಂತೆ ಟಕ್ ಎಂದಿತು. ಇನ್ನೂ ಎರಡು ಸಲ ಮಾಡಿದರೂ ಅದೇ. ಸಾಹೇಬರನ್ನು ಕರೆದು ಅವರ ಕೈಯಲ್ಲೇ ತಿರುಗಿಸಲು ಹೇಳಿದೆ. "ನಿನ್ನೆ ಸರಿ ಅಂದಿದ್ದೆಯಲ್ಲ?" ಎಂದರು. "ತಪ್ಪು ನನ್ನದು ಸರ್, ಕಾಳಯ್ಯನದಲ್ಲ" ಎಂದೆ. ಬಿಚ್ಚಿ ನೋಡಿದರೆ ಒಳಗೆ ಟಕ್ ಎಂದು ಉಗಿ ನಿಲ್ಲಿಸುವ ರಿಲೇ ತುಂಬ ಹೊಗೆಸೊಪ್ಪಿನ ಅಂಟುಧೂಳು. ಒರೆಸಿದ ಮೇಲೆ ಗೆರೆಗೆ ಸರಿಯಾಗಿ ನಿಂತಿತು.

ಕಾಳಯ್ಯ ಬರಲಿ ಎಂದು ಸಾಹೇಬರು ಒಪ್ಪಿದರು. ಕಾವಲಿನವನ ಮೂಲಕ ಹೇಳಿ ಕಳಿಸಿ ಕೈ ತೊಳೆದುಕೊಳ್ಳೋಣ ಎಂದಿದ್ದೆ. ಸಂಜೆ ಅಂಗಡಿಯಲ್ಲಿ ರೇಡಿಯೋ ಅಮ್ಮ ಬಿಡಲಿಲ್ಲ. "ತಪ್ಪು ಯೋಳಿದ್ದು ನಿನ್ ಬಾಯಿ. ಅದೇ ಬಾಯಿ ಓಗ್ಲಿ" ಎಂದರು. ಸೈಕಲ್ ತುಳಿದುಕೊಂಡು ಹಾಡಿಗೆ ಹೋದೆ. ಕಾಳಯ್ಯ ಬೇಲಿ ಕಟ್ಟುತ್ತಿದ್ದ. ಎಲ್ಲ ಹೇಳಿದೆ. ಅವನು ತನ್ನ ಅಂಗೈ ನೋಡಿಕೊಂಡ. "ಅಂಗಾರೆ ನನ್ ಕೈ ಸುಳ್ ಯೋಳ್ನಿಲ್ಲ" ಎಂದು ನಕ್ಕ. ಆಮೇಲೆ ನನಗೆ ಕುಡಿಯಲು ನೀರು ತರಿಸಿದ.

ಉಳಿದ ಯಂತ್ರಗಳನ್ನೂ ಪರೀಕ್ಷಿಸಲೆಂದು ಆ ಪೊಟೆನ್ಷಿಯೋಮೀಟರ್ ಭಾನುವಾರವೂ ಕಾರ್ಖಾನೆಯಲ್ಲೇ ಉಳಿದಿತ್ತು. ರಾವಂದೂರಿನ ಮದುವೆಯಲ್ಲಿ ಆಂಪ್ಲಿಫೈಯರ್ ಜೋರಾಗಿಯೇ ಗುಂಯ್‌ಗುಟ್ಟಿತಂತೆ. ಬೀಗರು ಹೆಜ್ಜೇನು ಎದ್ದಿದೆಯೇನೋ ಎಂದು ಚಪ್ಪರವನ್ನೆಲ್ಲ ಹುಡುಕಿದರಂತೆ. ಇದನ್ನು ಹೇಳುವಾಗ ರೇಡಿಯೋ ಅಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲಿನ ದಿನಗಳು ಸೊಗಸಾಗಿದ್ದವು. ಸಂತೆಯ ದಿನ ಕಾಳಯ್ಯನೂ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂರುತ್ತಿದ್ದ. ಮೂವರೂ ಎರಡು ಚಹಾವನ್ನು ಮೂರು ಮಾಡಿಸಿ ಕುಡಿಯುತ್ತಿದ್ದೆವು. ಅಂಥ ಸುಖ ನನಗೆ ದೊಡ್ಡ ದೊಡ್ಡ ಕೆಲಸಗಳಲ್ಲೂ ಸಿಗಲಿಲ್ಲ.

ಮುಂದೆ ನನಗೆ ಕೆ.ಆರ್. ನಗರದ ಕಡೆ ಕೆಲಸವಾಯಿತು. ರೇಡಿಯೋ ಅಮ್ಮನನ್ನು ನೋಡಲು ಇಂದು ಹೋಗುತ್ತೇನೆ, ನಾಳೆ ಹೋಗುತ್ತೇನೆ... ಅವರು ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ತಿಂಗಳ ಮೇಲೆ, ಕಾಳಯ್ಯನಿಂದ. ಮಣ್ಣಿಗೆ ಅವನು ಹೋಗಿದ್ದ, ಹೆಗಲೂ ಕೊಟ್ಟಿದ್ದ. ನಾನು ತಲೆ ತಗ್ಗಿಸಿ ನಿಂತಿದ್ದೆ.

"ನಿಮ್ ಪರ್ವಾಗೂ ನಾನೇ ಒಂದಿಡಿ ಮಣ್ಣಾಕಿವ್ನಿ ಕಣಣ್ಣ, ಬುಡಿ" ಎಂದ.

ಈಗ ಅವನೂ ಇಲ್ಲ. ಓಣಿಯಿಂದ ಮಿಕ್ಸಿ ಹಿಡಿದು ಮನೆಗೆ ಬರುತ್ತ, ಅವನು ಹೋದಾಗಲಾದರೂ ನಾನು ಹತ್ತಿರವಿದ್ದೆನಲ್ಲ, ಮಣ್ಣು ಹಾಕಿದೆನಲ್ಲ ಎಂದುಕೊಂಡೆ. ಎರಡು ಹಿಡಿ ಹಾಕಿದ್ದೆ, ನನ್ನದೊಂದು, ರೇಡಿಯೋ ಅಮ್ಮನ ಪರವಾಗಿ ಒಂದು.