ದಿನಕ್ಕೆ ಸೂತಕವಿಲ್ಲ

ನವೆಂಬರ್ ತಿಂಗಳ ಎರಡನೆಯ ಮಂಗಳವಾರ, ಬೆಳಿಗ್ಗೆ ಆರೂವರೆ. ಮಿಲ್ಟನ್ ಎಂಬ ಈ ಪರದೇಶದ ಊರಿನ ಮನೆಯಲ್ಲಿ ಇದ್ದವರು ಇಬ್ಬರೇ, ನಾನು ಮತ್ತು ಮಗಳು. ಮಗಳು ಏಳು ಗಂಟೆಯ ರೈಲಿಗೆ ಹೊರಡುವವಳು. ಭಾನುವಾರ ಜೆರಾರ್ಡ್ ಬಜಾರಿನ ನಮ್ಮವರ ಅಂಗಡಿಯಿಂದ ತಂದಿದ್ದ ಲೋಬಾನದ ಪೊಟ್ಟಣ ಒಡೆದು, ಇದ್ದಿಲ ಬಿಲ್ಲೆಯ ಮೇಲೆ ಒಂದು ಚಿಟಿಕೆ ಹಾಕಿ ದೇವರ ಮುಂದೆ ಇಟ್ಟಳು. ಚಳಿಗೆ ಕಿಟಕಿಗಳೆಲ್ಲ ಮುಚ್ಚಿದ್ದವು. ಹೊಗೆ ನೇರ ಅಡುಗೆಮನೆಗೆ ಬಂತು. ಹಾಲು ಕಾಯಿಸುತ್ತಿದ್ದ ನಾನು ಒಲೆ ಆರಿಸಿ ಕುರ್ಚಿಯ ಮೇಲೆ ಕುಳಿತೆ.

“ಯಾಕವ್ವಾ, ತಲಿ ತಿರಗತದೇನು? ಬಿಪಿ ಗುಳಿಗಿ ತಗೊಂಡ್ಯೋ ಇಲ್ಲೋ?”

“ಆರಕ್ಕ ತಗೊಂಡೀನಿ. ನೀ ಹೊಂಡು, ಟ್ರೇನ್ ತಪ್ಪತದ.”

ತಲೆ ತಿರುಗಿದ್ದಲ್ಲ. ಅದು ನಮ್ಮ ಪಕ್ಕದ ಮನೆಯಾಕೆಯ ಹಿತ್ತಲಿನ ವಾಸನೆ. ಅವರ ಊರಿನ ರಾಳಕ್ಕೂ ನಮ್ಮ ಲೋಬಾನಕ್ಕೂ ಕೂದಲೆಳೆಯಷ್ಟೇ ವ್ಯತ್ಯಾಸ...

ಆಕೆ ನನ್ನ ವಯಸ್ಸಿನವಳು. ಗ್ವಾಟೆಮಾಲಾ ದೇಶದ ಬೆಟ್ಟದ ಸೀಮೆಯ ಮಾಯಾ ಜನರಲ್ಲಿ ಹುಟ್ಟಿದವಳು. ಚಳಿಗಾಲದ ದಪ್ಪ ಜಾಕೆಟ್ಟಿನ ಕೆಳಗೂ ತಾನೇ ನೇಯ್ದ ನಿರಿಗೆಯ ಲಂಗ ಉಡುತ್ತಿದ್ದಳು. ಅವಳ ಮಗಳು ಇಲ್ಲಿನ ಗೋದಾಮಿನಲ್ಲಿ ಕೆಲಸಕ್ಕಿದ್ದಳು. ಎರಡು ಮನೆಗಳ ನಡುವೆ ಒಂದು ಮರದ ಬೇಲಿ. ನಾನು ಆರಕ್ಕೆ ಸರಿಯಾಗಿ ತುಳಸಿಗೆ ನೀರು ಹಾಕಲು ಬಂದರೆ, ಆಕೆ ತನ್ನ ಕಿಟಕಿಯಲ್ಲಿ ನಿಂತು ಒಂದು ಡಬ್ಬಿಯಿಂದ ಇನ್ನೊಂದು ಡಬ್ಬಿಗೆ ಒಂದು ಕೆಂಪು ಬೀಜ ಹಾಕುತ್ತಿದ್ದಳು. ಒಂದು ದಿನವೂ ತಪ್ಪಿದ್ದು ನಾನು ಕಾಣೆ. ಹುಬ್ಬಳ್ಳಿಯ ಆಸ್ಪತ್ರೆಯ ಹೆರಿಗೆ ವಾರ್ಡಿನಲ್ಲಿ ಮೂವತ್ತು ವರ್ಷ ಸಿಸ್ಟರ್ ಆಗಿದ್ದವಳು ನಾನು. ವೇಳೆಗೆ ಸರಿಯಾಗಿ ಕೆಲಸ ಮಾಡುವವರನ್ನು ಕಂಡರೆ ನನಗೆ ಗೌರವ. ಹಾಗೆ ಪರಿಚಯವಾಯಿತು. ಇಬ್ಬರದೂ ಮುರುಕು ಇಂಗ್ಲಿಷು, ಆದರೂ ಮಾತು ನಿಲ್ಲಲಿಲ್ಲ.

ಬೀಜಗಳು ನಮ್ಮ ಹಾಲವಾಣದ ಬೀಜದ ಹಾಗೆಯೇ ಇದ್ದವು. ಒಟ್ಟು ಇನ್ನೂರ ಅರವತ್ತು. ಅವರ ಪಂಚಾಂಗದಲ್ಲಿ ದಿನಗಳಿಗೆ ಇಪ್ಪತ್ತು ಹೆಸರು, ಹದಿಮೂರು ಸಂಖ್ಯೆ. ನಮ್ಮಲ್ಲಿ ವಾರವೂ ತಿಥಿಯೂ ಜೊತೆಜೊತೆಯಾಗಿ ಸರಿಯುವಂತೆ ಅವೂ ಸರಿಯುತ್ತವೆ. ಅದೇ ಹೆಸರು, ಅದೇ ಸಂಖ್ಯೆ ಮತ್ತೆ ಕೂಡುವುದು ಇನ್ನೂರ ಅರವತ್ತು ದಿನ ಕಳೆದ ಮೇಲೆ. ಯಾಕೆ ಅಷ್ಟೇ ಎಂದು ಕೇಳಿದ್ದಕ್ಕೆ ಆಕೆ ತನ್ನ ಹೊಟ್ಟೆಯ ಮೇಲೆ ಕೈಯಿಟ್ಟು ತೋರಿಸಿದಳು. ಮಗು ಹೊಟ್ಟೆಯಲ್ಲಿರುವ ಕಾಲ. ಆ ಉತ್ತರವನ್ನು ನನಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

ಊರಿನಲ್ಲಿ ದಿನ ಎಣಿಸುವ ಹಿರಿಯರು ಇರುತ್ತಾರಂತೆ. ಬಿತ್ತನೆಗೆ, ಮದುವೆಗೆ, ಹುಟ್ಟಿದ ಮಗುವಿಗೆ ಅವರನ್ನೇ ಕೇಳುವುದು. ಆಕೆಯ ಅಪ್ಪನೂ ಅಂಥವನು. ಇಲ್ಲಿ ಕೇಳಲು ಯಾರೂ ಇಲ್ಲದ್ದರಿಂದ ಆಕೆ ಡಬ್ಬಿಗಳ ಉಪಾಯ ಮಾಡಿಕೊಂಡಿದ್ದಳು. ಮೊದಲ ಡಬ್ಬಿ ಖಾಲಿಯಾದ ದಿನ ಒಂಬತ್ತು ಇಮೊಶ್, ಅಂದರೆ ಸಂಖ್ಯೆ ಒಂಬತ್ತು, ಹೆಸರು ಇಮೊಶ್. ನಲವತ್ತು ವರ್ಷಗಳ ಹಿಂದೆ ಅಂಥದೇ ಒಂದು ಒಂಬತ್ತು ಇಮೊಶ್ ದಿನ, ಜೋಳದ ಹೊಲದಲ್ಲಿದ್ದ ಅವಳ ಗಂಡನನ್ನು ಸೈನಿಕರು ಹಿಡಿದುಕೊಂಡು ಹೋದರು. ಆಮೇಲೆ ಸುದ್ದಿಯಿಲ್ಲ, ಹೆಣವಿಲ್ಲ. ಸತ್ತ ದಿನ ಯಾವುದೆಂದು ಗೊತ್ತಿಲ್ಲದ್ದರಿಂದ ಹೋದ ದಿನವನ್ನೇ ಹಿಡಿದಿದ್ದಳು. ಆ ದಿನ ಬೆಂಕಿ ಮಾಡಿ, ದಿನಗಳನ್ನು ಹೆಸರು ಹಿಡಿದು ಕರೆದರೆ ಅವನು ಬರುತ್ತಾನೆ, ಹೊಗೆಯನ್ನು ಉಣ್ಣುತ್ತಾನೆ. ಕರೆಯುವವರು ಇಲ್ಲದಿದ್ದರೆ ಬಂದು, ಕಾದು, ಹಸಿದು ಹೋಗುತ್ತಾನೆ. “ಬೇರೆ ದಿನ ಕರೆದರೆ?” ಎಂದು ನಾನು ಕೇಳಿದ್ದೆ. “ಬೇರೆ ದಿನ ಅವನಿಗೆ ದಾರಿ ಇಲ್ಲ,” ಎಂದಿದ್ದಳು.

ಅವರ ಹೊಲದ ವರ್ಷದ ಲೆಕ್ಕ ಬೇರೆ. ಇಪ್ಪತ್ತು ದಿನಗಳ ಹದಿನೆಂಟು ತಿಂಗಳು, ಕೊನೆಗೆ ಉಳಿಯುವ ಐದು ದಿನ. ಆ ಐದು ದಿನ ಒಳ್ಳೆಯವಲ್ಲ. ಆಕೆ ಮಗ್ಗಕ್ಕೆ ಕೈ ಹಚ್ಚುತ್ತಿರಲಿಲ್ಲ, ಬಾಗಿಲು ದಾಟುತ್ತಿರಲಿಲ್ಲ, ದನಿಯೆತ್ತಿ ಮಾತಾಡುತ್ತಿರಲಿಲ್ಲ. ನಮ್ಮ ಸೂತಕದ ಹಾಗೆ ಎಂದುಕೊಂಡಿದ್ದೆ. ಆದರೆ ಆ ಐದು ದಿನಗಳಲ್ಲೂ ಬೆಳಿಗ್ಗೆ ಆರಕ್ಕೆ ಬೀಜ ಮಾತ್ರ ಡಬ್ಬಿಗೆ ಬೀಳುತ್ತಿತ್ತು. ನಾನೇ ಕಣ್ಣಾರೆ ನೋಡಿದ್ದೆ.

ಎರಡು ವರ್ಷಗಳ ಹಿಂದೆ ಜುಲೈಯಲ್ಲಿ ಆಕೆಯ ಶ್ವಾಸಕೋಶಕ್ಕೆ ನೀರು ಇಳಿಯಿತು. ಆಸ್ಪತ್ರೆಗೆ ಹೋಗುವ ಬೆಳಿಗ್ಗೆ ಡಬ್ಬಿಗಳನ್ನು ಬೇಲಿಯ ಮೇಲಿಂದ ನನ್ನ ಕೈಗೆ ಕೊಟ್ಟಳು. ತನ್ನ ಮಗಳದು ವಾರಕ್ಕೊಮ್ಮೆ ಬದಲಾಗುವ ಶಿಫ್ಟು, ಅವಳಿಗೆ ಬೆಳಗು ಯಾವುದು ಬೈಗು ಯಾವುದು ತಿಳಿಯದು ಎಂದಳು. “ನೀನು ನರ್ಸು. ನೀನು ತಪ್ಪುವವಳಲ್ಲ.” ಮೊದಲ ಡಬ್ಬಿಯಲ್ಲಿ ಎಪ್ಪತ್ತು ಬೀಜಗಳಿದ್ದವು.

ಹನ್ನೆರಡು ದಿನ ನಡೆಸಿದೆ. ಹದಿಮೂರನೆಯ ದಿನ ಧಾರವಾಡದಿಂದ ಫೋನು ಬಂತು, ನನ್ನ ಮೈದುನ ತೀರಿಕೊಂಡಿದ್ದ. ತಲೆಗೆ ಸ್ನಾನ ಮಾಡಿದೆ. ದೇವರ ಕೋಣೆಯ ಪರದೆ ಎಳೆದೆ. ದೀಪ ನಿಲ್ಲಿಸಿದೆ. ಹತ್ತು ದಿನ ದೇವರದು ಏನನ್ನೂ ಮುಟ್ಟುವ ಹಾಗಿಲ್ಲ. ಡಬ್ಬಿಗಳನ್ನೂ ಒಂದು ಬಟ್ಟೆ ಮುಚ್ಚಿ ಮೇಲಿನ ಹಲಗೆಯ ಮೇಲಿಟ್ಟೆ.

“ಅವ್ವಾ, ಅವು ಅವರ ಬೀಜ. ನಮ್ಮ ಸೂತಕ ಅವಕ್ಕ ಹೆಂಗ ಹತ್ತತದ?” ಎಂದಳು ಮಗಳು.

“ದೇವರು ಅಂದ್ರ ದೇವರು. ಯಾರದಾದ್ರೇನು?”

“ಹಂಗಾದ್ರ ನಾ ಹಾಕ್ತೀನಿ ಬಿಡು. ದಿನಾ ಒಂದು, ಅಷ್ಟೇ ಹೌದಲ್ಲೋ?”

“ನಿನಗೇನು ಕಾಕಾ ಅಲ್ಲೇನು ಅಂವ? ಸುಮ್ನಿರು.”

“ಆತಪಾ, ಹೆಡ್ ಸಿಸ್ಟರ್ ಹೇಳಿದ ಮ್ಯಾಲೆ ಮುಗೀತು,” ಎಂದು ನಕ್ಕು ಲ್ಯಾಪ್‌ಟಾಪ್ ತೆರೆದಳು.

ಹನ್ನೊಂದನೆಯ ದಿನ ಸ್ನಾನ ಮಾಡಿ, ಮನೆ ತೊಳೆದು, ದೀಪ ಹಚ್ಚಿ, ಡಬ್ಬಿಗಳನ್ನು ಇಳಿಸಿ, ಒಂದು ಬೀಜ ಹಾಕಿದೆ. ಒಂದೇ ಒಂದು. ಜಪ ನಿಂತರೆ ನಿಂತಲ್ಲಿಂದ ಮುಂದುವರಿಸುತ್ತೇವೆ. ನಿಂತ ಪೂಜೆಯನ್ನು ಯಾರೂ ಹಿಂದಿನಿಂದ ತುಂಬಿಸುವುದಿಲ್ಲ. ಕೈಗೆ ಅಭ್ಯಾಸವಾದದ್ದು ಅದು. ನಾನು ಎಣಿಸುತ್ತಿದ್ದುದು ಜಪವನ್ನಲ್ಲ, ದಿನವನ್ನು ಎಂಬುದು ಹೊಳೆಯಲೇ ಇಲ್ಲ. ದಿನಕ್ಕೆ ಸೂತಕವಿಲ್ಲ. ಯಾರ ಮನೆಯಲ್ಲಿ ಯಾರು ಸತ್ತರೂ ಅದು ಸರಿದೇ ಸರಿಯುತ್ತದೆ.

ಐದು ವಾರಗಳ ಮೇಲೆ ಆಕೆ ಮನೆಗೆ ಬಂದಾಗ ಅರ್ಧ ಆಳಾಗಿದ್ದಳು. ಔಷಧದ ಮಂಪರಿನಲ್ಲಿ ಎಷ್ಟು ಹಗಲು ಎಷ್ಟು ರಾತ್ರಿ ಕಳೆದವೋ ತನಗೆ ತಿಳಿಯದು ಎಂದಳು. ಡಬ್ಬಿಗಳನ್ನು ಒಪ್ಪಿಸಿದೆ. ನಲವತ್ತೈದು ಉಳಿದಿದ್ದವು. ಮೂವತ್ತೈದು ಇರಬೇಕಾಗಿತ್ತು. ಆಕೆ ಎಣಿಸಿ ನೋಡಲಿಲ್ಲ. ನನ್ನ ಎರಡೂ ಕೈಗಳನ್ನು ಹಿಡಿದು ಹಣೆಗೆ ಒತ್ತಿಕೊಂಡಳು.

ಡಬ್ಬಿ ಖಾಲಿಯಾದ ಬೆಳಿಗ್ಗೆ, ಅಕ್ಟೋಬರಿನಲ್ಲಿ, ನನ್ನನ್ನೂ ಕರೆದಳು. ಹಿತ್ತಲಲ್ಲಿ ಹಳೆಯ ಕಬ್ಬಿಣದ ಬಾಣಲೆ. ಅದರೊಳಗೆ ಸಕ್ಕರೆಯಿಂದ ಒಂದು ವೃತ್ತ. ಪೂರ್ವಕ್ಕೆ ಕೆಂಪು ಮೇಣದಬತ್ತಿ, ಪಶ್ಚಿಮಕ್ಕೆ ಕಪ್ಪು, ಉತ್ತರಕ್ಕೆ ಬಿಳಿ, ದಕ್ಷಿಣಕ್ಕೆ ಹಳದಿ. ರಾಳದ ಉಂಡೆಗಳನ್ನು ಹಾಕುತ್ತ, ಮೊಣಕಾಲೂರಿ, ಇಪ್ಪತ್ತು ಹೆಸರುಗಳನ್ನೂ ಒಂದರಿಂದ ಹದಿಮೂರರವರೆಗೆ ಎಣಿಸಿ ಕರೆದಳು. ನಡುನಡುವೆ ಉಸಿರು ಸಿಕ್ಕಿಕೊಳ್ಳುತ್ತಿತ್ತು. ನಾನು ನಾಡಿ ಹಿಡಿದುಕೊಂಡು ಪಕ್ಕದಲ್ಲಿ ಕುಳಿತಿದ್ದೆ. ಒಂದು ಗಂಟೆ ಮೇಲಾಯಿತು. ಕೊನೆಗೆ ಬೆಂಕಿಯನ್ನು ಬಹಳ ಹೊತ್ತು ನೋಡಿದಳು. “ಆಯಿತಾ?” ಎಂದೆ. “ಆಯಿತು,” ಎಂದಳು.

ಅದೇ ಮಧ್ಯಾಹ್ನ ಮೈದುನನ ತಿಥಿ ನೋಡಲೆಂದು ನನ್ನ ಡೈರಿ ತೆಗೆದೆ. ಪ್ರತಿದಿನ ಬರೆಯುವುದು ನನ್ನ ಪದ್ಧತಿ. ‘ಬೀಜ ಹಾಕಿದೆ’ ಎಂಬ ಸಾಲು ಹನ್ನೆರಡು ದಿನ ಇತ್ತು. ಮುಂದಿನ ಹತ್ತು ದಿನ ‘ಸೂತಕ’ ಎಂಬ ಒಂದೇ ಮಾತು. ನನ್ನದೇ ಅಕ್ಷರ. ಬೆರಳಿಟ್ಟು ಎಣಿಸಿದೆ, ಹತ್ತು ಬೀಜ ಬಿಟ್ಟುಹೋಗಿದ್ದವು...

ಮರುದಿನ ಬೆಳಿಗ್ಗೆ ಹೇಳಲೆಂದೇ ಬೇಲಿಯ ಹತ್ತಿರ ಹೋದೆ. ಆಕೆ ಹಿಂಬಾಗಿಲ ಮೆಟ್ಟಿಲ ಮೇಲೆ ಸುಮ್ಮನೆ ಕುಳಿತಿದ್ದಳು. ಮನಸ್ಸು ತಣಿದಿದೆ, ಕೆದಕಬಾರದು ಎಂದುಕೊಂಡೆ. ಇನ್ನೂರ ಅರವತ್ತು ದಿನ ಕಳೆದರೆ ಆ ದಿನ ಮತ್ತೆ ಬರುತ್ತದೆ, ಅಷ್ಟರಲ್ಲಿ ಮೈ ಗಟ್ಟಿಯಾಗಲಿ, ಆಗ ಹೇಳಿದರಾಯಿತು ಎಂದುಕೊಂಡೆ. ಆಕೆಗೆ ಅಷ್ಟು ದಿನ ಇರಲಿಲ್ಲ. ಫೆಬ್ರುವರಿಯ ಹಿಮದಲ್ಲಿ ಹೋದಳು. ಡಬ್ಬಿಗಳು ಆಕೆಯ ಮಗಳ ಜೊತೆ ಬೇರೆ ಊರಿಗೆ ಹೋದವು. ತಪ್ಪೂ ಅವುಗಳ ಜೊತೆಯಲ್ಲೇ ಹೋಯಿತು. ಆ ಹುಡುಗಿ ಎರಡು ಸಲ ಅದೇ ಲೆಕ್ಕದಂತೆ ಬೆಂಕಿ ಮಾಡಿ ನನಗೆ ಫೋಟೋ ಕಳಿಸಿದಳು. ನಾನು ಎರಡು ಸಲವೂ ಕೈಮುಗಿದ ಚಿತ್ರ ಕಳಿಸಿದೆ.

ನಿನ್ನೆ ಸಂಜೆ ಮತ್ತೆ ಸಂದೇಶ ಬಂದಿತ್ತು. ‘ಆಂಟಿ, ಇನ್ನು ಹದಿನೇಳು ಬೀಜ. ನೀವೂ ಬನ್ನಿ.’

ಇಂದು ಮಗಳು ರೈಲಿಗೆ ಹೋದ ಮೇಲೆ ಆಕೆ ಹೇಳಿ ಬರೆಸಿದ್ದ ಇಪ್ಪತ್ತು ಹೆಸರುಗಳಿದ್ದ ಹಳೆಯ ಡೈರಿ, ಕ್ಯಾಲೆಂಡರು, ಪೆನ್ಸಿಲು ಹಿಡಿದು ಕುಳಿತೆ. ಹನ್ನೆರಡಕ್ಕೆ ಆ ಹುಡುಗಿಗೆ ಊಟದ ವಿರಾಮ. ಹನ್ನೆರಡೂ ಐದಕ್ಕೆ ಫೋನು ಮಾಡಿ, ನಡೆದದ್ದನ್ನು ನಡೆದ ಹಾಗೆ ಹೇಳಿದೆ. ಮೈದುನ, ಸೂತಕ, ಹತ್ತು ದಿನ, ಡೈರಿ. ನೆಪ ಹೇಳಲಿಲ್ಲ. ಅವಳ ಹಿಂದೆ ಗೋದಾಮಿನ ಗಾಡಿಗಳ ಸದ್ದು ಕೇಳಿಸುತ್ತಿತ್ತು.

“ಹಾಗಾದರೆ ಅಮ್ಮ ಬೆಂಕಿ ಮಾಡಿದ ದಿನ ಯಾವುದು?” ಎಂದಳು.

“ಆರು ಬಾಟ್ಸ್. ಒಂಬತ್ತು ಇಮೊಶ್ ಕಳೆದು ಹತ್ತು ದಿನದ ಮೇಲೆ.”

“ಅದು ನಮ್ಮ ಮನೆಯಲ್ಲಿ ಯಾರ ದಿನವೂ ಅಲ್ಲ.” ಆಮೇಲೆ ಅಂದಳು, “ಆಂಟಿ, ಆ ದಿನ ಅಪ್ಪ ಬರಲಿಲ್ಲ ಅಂತ ಅಮ್ಮ ನನಗೆ ಹೇಳಿದ್ದಳು. ಹೊಗೆ ಮೇಲೇರದೆ ನೆಲಕ್ಕೆ ಬಿತ್ತಂತೆ. ‘ನಾನು ಅವನನ್ನು ಅಲ್ಲಿ ಬಿಟ್ಟು ಈ ದೇಶಕ್ಕೆ ಬಂದೆ, ಅದಕ್ಕೇ ಸಿಟ್ಟು ಮಾಡಿಕೊಂಡಿದ್ದಾನೆ’ ಅಂದಳು. ಸಾಯುವ ತನಕ ಅದನ್ನೇ ಅಂದಳು.”

ಮೆಟ್ಟಿಲ ಮೇಲೆ ಕುಳಿತಿದ್ದ ಆಕೆಯ ಮುಖ ಕಣ್ಣ ಮುಂದೆ ಬಂತು. ನೋವು ತಡೆದುಕೊಂಡು ಸುಮ್ಮನಿರುವ ರೋಗಿ ಯಾರು, ನೋವಿಳಿದು ಸುಮ್ಮನಾದ ರೋಗಿ ಯಾರು ಎಂದು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದವಳು ನಾನು. ಒಂದು ಮಾತು, ‘ದಿನ ತಪ್ಪಿದ್ದು ನಾನು, ಅವನಲ್ಲ’ ಎಂದಿದ್ದರೆ ಸಾಕಿತ್ತು. ಬೇಲಿಯಿಂದ ಮೆಟ್ಟಿಲಿಗೆ ಹತ್ತು ಹೆಜ್ಜೆಯೂ ಇರಲಿಲ್ಲ.

“ನಿಜವಾದ ದಿನ ಯಾವಾಗ?” ಎಂದಳು ಹುಡುಗಿ.

ಕ್ಯಾಲೆಂಡರಿನ ಮೇಲೆ ಪೆನ್ಸಿಲಿಟ್ಟು ಮತ್ತೊಮ್ಮೆ ಎಣಿಸಿದೆ. ಬೆಳಿಗ್ಗೆಯಿಂದ ಅದು ನಾಲ್ಕನೆಯ ಸಲ. ಇಂದಿಗೆ ಡಬ್ಬಿಯ ಲೆಕ್ಕದಲ್ಲಿ ಹದಿನಾರು, ದಿನದ ಲೆಕ್ಕದಲ್ಲಿ ಆರು.

“ಸೋಮವಾರ.”

“ಸೋಮವಾರ ನನಗೆ ಶಿಫ್ಟಿದೆ. ಬದಲಿಸಿಕೊಳ್ಳುತ್ತೇನೆ.”

ಕ್ಷಮಿಸಿದೆ ಎನ್ನಲಿಲ್ಲ. ನನ್ನನ್ನು ಬನ್ನಿ ಎಂದೂ ಕರೆಯಲಿಲ್ಲ. ಡಬ್ಬಿ ಎಣಿಸಿ ಗುರುತಿಟ್ಟ ಅಮ್ಮ ತೀರಿದ ದಿನದ ಹೆಸರೂ ತಪ್ಪಾಗಿರಬೇಕಲ್ಲವೇ ಎಂದು ಮಾತ್ರ ಕೇಳಿದಳು. ಹೌದು ಎಂದು, ಸರಿಯಾದ ಹೆಸರನ್ನೂ ಸಂಖ್ಯೆಯನ್ನೂ ನಿಧಾನವಾಗಿ ಎರಡು ಸಲ ಹೇಳಿ ಬರೆಸಿದೆ. ಅವಳು ಬರೆದುಕೊಂಡು ಫೋನಿಟ್ಟಾಗ ಹನ್ನೆರಡೂ ಇಪ್ಪತ್ತೆಂಟು.