ಬಣ್ಣ: ಎಣ್ಣೆಗೆಂಪು

ರಾಮನಗರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಅರ್ಜಿ, ಅಫಿಡವಿಟ್ಟು, ಬಾಡಿಗೆ ಕರಾರು, ಪಾಸ್‌ಪೋರ್ಟ್ ಸೈಜಿನ ಫೋಟೋ, ಇದರ ಜೊತೆಗೆ ಮದುವೆ ಬಯೋಡೇಟಾ. ಬಯೋಡೇಟಾಕ್ಕೆ ಕಂಪ್ಯೂಟರಿನಲ್ಲಿ ಒಂದು ಫೈಲು ಯಾವಾಗಲೂ ರೆಡಿ ಇರುತ್ತದೆ. ಹೆಸರು, ನಕ್ಷತ್ರ, ಓದು, ಎತ್ತರ ಎಲ್ಲ ಖಾಲಿ. ಬಣ್ಣ ಅನ್ನುವ ಜಾಗದಲ್ಲಿ ಮಾತ್ರ 'ಎಣ್ಣೆಗೆಂಪು' ಅಂತ ಮೊದಲೇ ಟೈಪಾಗಿರುತ್ತದೆ. ಬೆಳ್ಳಗಿರುವ ಹುಡುಗಿಯ ಅಪ್ಪ ಬಂದರೆ ಅದನ್ನು ಅಳಿಸಿ 'ಬಿಳುಪು' ಅಂತ ಹಾಕಿಸಿಕೊಂಡು ಹೋಗುತ್ತಾನೆ. ಮಿಕ್ಕವರು ಆ ಸಾಲಿನ ತಂಟೆಗೇ ಹೋಗುವುದಿಲ್ಲ. 'ಕಪ್ಪು' ಅಂತ ಹಾಕಮ್ಮ ಅಂತ ಹೇಳಿಕೊಂಡು ಇದುವರೆಗೆ ಒಬ್ಬರೂ ನನ್ನ ಅಂಗಡಿ ಮೆಟ್ಟಿಲು ಹತ್ತಿಲ್ಲ. ಎಣ್ಣೆಗೆಂಪು ಅಂದರೆ ಯಾವ ಬಣ್ಣ ಅಂತ ಕೇಳಿ ನೋಡಿ, ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕಪ್ಪಲ್ಲ ಅಂತ ಗೊತ್ತಾದರೆ ಸಾಕು ಎಲ್ಲರಿಗೂ.

ನನ್ನ ತಂಗಿ ಕಪ್ಪು. ಹೀಗೆ ನೇರವಾಗಿ ಬರೆಯುವುದಕ್ಕೆ ಈಗಲೂ ಕೈ ಒಸಿ ತಡೆಯುತ್ತದೆ. ಮನೆಯಲ್ಲಿ ನಾನು ಕೆಂಚಿ, ಅವಳು ಕರಿಯವ್ವ. ಅಪ್ಪನಿಗೆ ಮುದ್ದು ಬಂದರೂ ಕರಿಯವ್ವ, ಸಿಟ್ಟು ಬಂದರೂ ಕರಿಯವ್ವ. ಸ್ಕೂಲಿನಲ್ಲಿ ಹುಡುಗರು ವೆಸ್ಟಿಂಡೀಸ್ ಅಂತ ಕರೆದರು, ಆಮೇಲೆ ಅದು ಆಫ್ರಿಕಾ ಆಯಿತು. ಆಫ್ರಿಕಾದವರೊಬ್ಬರನ್ನೂ ಕಣ್ಣಲ್ಲಿ ಕಂಡವರಲ್ಲ ಅವರು. ಒಂದು ದಿನ ಅವ್ವ ರೇಗಿಕೊಂಡು ಸ್ಕೂಲಿಗೇ ಹೋದಳು. ಹೋಗಿ ಏನಂತ ಜಗಳ ಮಾಡಿದಳು ಅಂತೀರಿ? ಆಫ್ರಿಕಾ ಅನ್ನುವಷ್ಟು ಕಪ್ಪಗೇನಿಲ್ಲ ನನ್ನ ಮಗಳು, ಅಂತ. ನೆಂಟರು ಬಂದರೆ 'ಕಪ್ಪಾದ್ರೂ ಕಳೆಯಾಗವ್ಳೆ' ಅನ್ನುತ್ತಿದ್ದರು. ಅದನ್ನು ಹೊಗಳಿಕೆ ಅಂತ ತಿಳಿದು ನಾವೆಲ್ಲ ನಗುತ್ತಿದ್ದೆವು, ಅವಳೂ ನಗುತ್ತಿದ್ದಳು. ಹೊರಗಿನವರು ಯಾರಾದರೂ ಬಣ್ಣ ಕೇಳಿದರೆ ಮಾತ್ರ ಮನೆಮಂದಿಯೆಲ್ಲ ಒಂದೇ ಬಾಯಿ: ಎಣ್ಣೆಗೆಂಪು.

ನಮ್ಮ ತವರೂರು ಇರುವುದು ಹಾರೋಹಳ್ಳಿಯಿಂದ ಕನಕಪುರದ ಕಡೆಗೆ, ಬಸ್ಸಿನಲ್ಲಿ ಅರ್ಧ ಗಂಟೆ. ಅವಳು ಹಾರೋಹಳ್ಳಿ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟರಿಗೆ ಹೋಗುತ್ತಿದ್ದಳು. ಪ್ಯಾಕಿಂಗ್ ಸೆಕ್ಷನ್ನಿಗೆ ಸೇರಿದವಳು ಲೈನ್ ನೋಡಿಕೊಳ್ಳುವವಳಾಗಿದ್ದಳು. ನನಗಿಂತ ಬುದ್ಧಿ ಜಾಸ್ತಿ, ಬಾಯಿಯೂ ಜಾಸ್ತಿ. ಹೋದ ವರ್ಷ ಮಾಗಡಿ ಕಡೆಯಿಂದ ಒಂದು ಸಂಬಂಧ ಬಂತು, ಹುಡುಗ ಸ್ಕೂಲ್ ಮೇಷ್ಟ್ರು. ಬಯೋಡೇಟಾ ನಾನೇ ಮಾಡಿದೆ. ಫೋಟೋ ಕೂಡ ನಾನೇ. ಬ್ರೈಟ್‌ನೆಸ್ ಎಳೆದೆ, ಕೆನ್ನೆಗೆ ಒಸಿ ಕೆಂಪು ಸೇರಿಸಿದೆ, ಕತ್ತು ಬೇರೆ ಬಣ್ಣ ಕಾಣುತ್ತಿತ್ತು, ಅದನ್ನೂ ಬಿಳಿ ಮಾಡಿದೆ. ಇದೇ ಕೆಲಸ ದಿನಾ ಊರವರ ಮಕ್ಕಳಿಗೆ ಮಾಡುತ್ತೇನೆ, ಸ್ವಂತ ತಂಗಿಗೆ ಮಾಡದೆ ಇರುತ್ತೀನಾ. ಗಂಡಿನ ಕಡೆಯವರಿಗೆ ಫೋಟೋ ಒಪ್ಪಿಗೆಯಾಯಿತು. ಬರುವ ಭಾನುವಾರ ಹೆಣ್ಣು ನೋಡಲು ಬರುತ್ತೇವೆ ಅಂದರು. ಎದುರಿಗೆ ಕಂಡಾಗ ಏನು ಹೇಳುವುದು ಅಂತ ಅವ್ವ ಕೇಳಿದಳು. ಅವಳ ಮಾತು ಕೇಳಿದ ಮೇಲೆ ಯಾರು ಬಣ್ಣ ನೋಡ್ತಾರೆ, ನೀ ಸುಮ್ನಿರವ್ವ ಅಂತ ನಾನೇ ಗದರಿದೆ.

ಆ ಭಾನುವಾರಕ್ಕೆ ಮುಂಚಿನ ಮಂಗಳವಾರ ಅವಳು ಕೆಲಸದಿಂದ ಮನೆಗೆ ಬರಲಿಲ್ಲ.

ಮೊದಲನೇ ಶಿಫ್ಟು, ಮೂರೂವರೆಗೆಲ್ಲ ಮನೆಯಲ್ಲಿರಬೇಕಾದವಳು. ಐದಾಯಿತು, ಫೋನ್ ಸ್ವಿಚ್ ಆಫ್. ಅಪ್ಪ ನನಗೆ ಫೋನ್ ಮಾಡಿದಾಗ ಅಂಗಡಿಯಲ್ಲಿ ಯಾರದೋ ಪಹಣಿ ಅರ್ಜಿ ಅರ್ಧ ಟೈಪಾಗಿತ್ತು. ಅದನ್ನು ಹಾಗೇ ಬಿಟ್ಟು ಬಸ್ಸು ಹಿಡಿದೆ. ಊರು ತಲುಪುವ ಹೊತ್ತಿಗೆ ಅರ್ಧ ಊರಿಗೆ ಗೊತ್ತಾಗಿತ್ತು, ಆ ಅರ್ಧ ಊರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: ಯಾರ ಜೊತೆ? ಅಪ್ಪ ಜಗಲಿಯ ಮೇಲೆ ತಲೆ ಮೇಲೆ ಕೈ ಹೊತ್ತು ಕೂತು, ಮನೆ ಮುಖಕ್ಕೆ ಮಸಿ ಬಳುದ್ಬುಟ್ಳು ಅಂತ ಅದನ್ನೇ ಮತ್ತೆ ಮತ್ತೆ ಹೇಳುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಹುಡುಗಿ ಇದಾಳೋ ಸತ್ತಳೋ ಗೊತ್ತಿಲ್ಲ, ಇವರಿಗೆ ಆಗಲೇ ಮಸಿ. ಆದರೆ ಸುಳ್ಳು ಯಾಕೆ ಹೇಳಲಿ, ಓಡಿಹೋಗಿರಲಿ ದೇವರೇ ಅಂತ ನಾನೂ ಒಳಗೊಳಗೇ ಬೇಡಿಕೊಂಡೆ. ಓಡಿಹೋಗಿದ್ದರೆ ಬದುಕಿರುತ್ತಾಳಲ್ಲ.

ಬುಧವಾರ ಬೆಳಿಗ್ಗೆ ಸ್ಟೇಷನ್ನಿಗೆ ಹೋದೆವು. ಪೇದೆ ಒಳ್ಳೆಯ ಮನುಷ್ಯ, ಕೂರಿಸಿ ನೀರು ಕೊಟ್ಟು, ಕಾಣೆಯಾದವಳ ಚಹರೆ ಬರೆದುಕೊಡಿ ಅಂದರು. ಅರ್ಜಿ ಬರೆಯುವುದು ನನ್ನ ಕಸುಬು, ಪೆನ್ನು ನಾನೇ ತೆಗೆದುಕೊಂಡೆ. ಕೋಲು ಮುಖ, ಸಾಧಾರಣ ಮೈಕಟ್ಟು, ಹಸಿರು ಚೂಡಿದಾರ್, ಎಣ್ಣೆಗೆಂಪು ಮೈಬಣ್ಣ. ಬರೆಯುವಾಗ ಸುಳ್ಳು ಬರೆಯುತ್ತಿದ್ದೇನೆ ಅಂತಲೂ ಅನ್ನಿಸಲಿಲ್ಲ. ಕೈ ತಾನಾಗಿ ಬರೆಯಿತು. ಫೋಟೋ ಕೇಳಿದಾಗ ಮೊಬೈಲಿನಿಂದ ಆ ಬಯೋಡೇಟಾ ಫೋಟೋನೇ ಕಳಿಸಿದೆ. ಬೇರೆ ಇರಲಿಲ್ಲವಾ? ಬೇಕಾದಷ್ಟಿದ್ದವು. ಅವಳು ಫ್ಯಾಕ್ಟರಿ ಗೇಟಿನ ಮುಂದೆ ನಿಂತದ್ದಿತ್ತು, ನನ್ನ ಮಗಳನ್ನು ಎತ್ತಿಕೊಂಡದ್ದಿತ್ತು. ಊರೆಲ್ಲ ನೋಡುವ ಫೋಟೋ, ಚೆನ್ನಾಗಿರುವುದೇ ಹೋಗಲಿ ಅಂದುಕೊಂಡೆ. ಮಧ್ಯಾಹ್ನದೊಳಗೆ ಆ ಬೆಳ್ಳನೆಯ ಮುಖ ಕನಕಪುರ, ರಾಮನಗರ, ಚನ್ನಪಟ್ಟಣದ ವಾಟ್ಸಾಪ್ ಗುಂಪುಗಳಲ್ಲೆಲ್ಲ ಓಡಾಡುತ್ತಿತ್ತು.

ಅದು ಗಂಡಿನ ಕಡೆಗೂ ಹೋಯಿತು. ಸಂಜೆ ನಾಲ್ಕಕ್ಕೆ ಹುಡುಗನ ಸೋದರಮಾವ ಮಾಗಡಿಯಿಂದ ಬೈಕಿನಲ್ಲಿ ಬಂದರು. ಸಮಾಧಾನ ಹೇಳಲಿಕ್ಕೆ ಬಂದೆ ಅಂದರು, ಬಂದದ್ದು ಹುಡುಗಿ ಓಡಿಹೋದಳಾ ಅಂತ ತಿಳಿಯಲಿಕ್ಕೆ. ಅವ್ವ ಕಾಫಿ ಕೊಟ್ಟಳು. ಅವರು ಇನ್ನೂ ಮೊದಲ ಗುಟುಕು ಕುಡಿದಿರಲಿಲ್ಲ, ಅಪ್ಪನ ಮೊಬೈಲಿಗೆ ಫೋನ್ ಬಂತು. ಅಪ್ಪನಿಗೆ ಕಿವಿ ಮಂದ, ಯಾವಾಗಲೂ ಸ್ಪೀಕರ್ ಹಾಕಿಯೇ ಮಾತಾಡುವುದು. ಪೇದೆಯ ಗಂಟಲು ನಡುಮನೆಯಲ್ಲೆಲ್ಲ ಕೇಳಿಸಿತು. ಕನಕಪುರದ ಒಂದು ಆಸ್ಪತ್ರೆಗೆ ನಿನ್ನೆ ಮಧ್ಯಾಹ್ನ ಒಬ್ಬಳು ಹುಡುಗಿಯನ್ನು ತಂದು ಹಾಕಿದ್ದಾರಂತೆ. ಯಾವುದೋ ಗಾಡಿ ಹೊಡೆದು ಹೋಗಿದೆ, ತಲೆಗೆ ಪೆಟ್ಟು, ಜ್ಞಾನ ಇಲ್ಲ, ಬ್ಯಾಗೂ ಇಲ್ಲ ಮೊಬೈಲೂ ಇಲ್ಲ. ಚೂಡಿದಾರ್ ಹಸಿರು, ವಯಸ್ಸೂ ಹೊಂದುತ್ತದೆ.

"ಆದ್ರೆ ಕಪ್ಪು ಅಂತ ಬರ್ದವ್ರೆ. ಫೋಟೋ ಕಳ್ಸಿದ್ದೆ, ನರ್ಸಮ್ಮ ಈ ಹುಡ್ಗಿ ಅಲ್ಲ ಅಂದ್ರು. ಯಜಮಾನ್ರೇ, ನಿಮ್ಮುಡ್ಗಿ ಕಪ್ಪಾ?"

ಸೋದರಮಾವ ಕಾಫಿ ಲೋಟ ಕೆಳಗಿಟ್ಟು ಅಪ್ಪನನ್ನು ನೋಡಿದರು. ಅವ್ವ ಬಾಗಿಲ ಹತ್ತಿರ ನಿಂತು ನನ್ನನ್ನು ನೋಡಿದಳು. ಹಸಿರು ಚೂಡಿದಾರ್ ಅಂದಾಗಲೇ ನನಗೆ ಅನುಮಾನ ಬಂದಿತ್ತು. ಒಂದೇ ಮಾತು ಸಾಕಿತ್ತು, ಹೌದು ಅಂತ. ನನಗೆ ಬಾಯಿ ಇರಲಿಲ್ಲವಾ? ಊರಿಗೆಲ್ಲ ಬಾಯಿ ಮಾಡುವವಳು ನಾನು. ಅಪ್ಪ ಫೋನನ್ನು ಬಾಯಿಯ ಹತ್ತಿರ ತಂದುಕೊಂಡು ಹೇಳಿದರು.

"ಇಲ್ಲ ಸಾ. ನಮ್ಮುಡ್ಗಿ ಎಣ್ಣೆಗೆಂಪು."

ಹಂಗಾದ್ರೆ ಬುಡಿ, ಬೇರೆ ಕಡೆ ನೋಡ್ತೀವಿ ಅಂತ ಪೇದೆ ಫೋನಿಟ್ಟರು. ಸೋದರಮಾವ ಲೋಟ ಮತ್ತೆ ಕೈಗೆತ್ತಿಕೊಂಡರು. ಪಾಪ, ಅದು ಯಾರ ಮನೆ ಮಗುವೋ ಏನೋ ಅಂತ ಲೊಚಗುಟ್ಟಿದರು. ಆಮೇಲೆ ನನ್ನ ಕಡೆ ತಿರುಗಿ, ಅಕ್ಕನಲ್ಲವಾ ನೀವು, ತಂಗಿ ನಿಮ್ಮ ಬಣ್ಣವೇ ಇರಬೇಕು ಅಂತ ಕೇಳಿದರು. ನಾನು ಹೂಂ ಅಂದೆ. ಅಪ್ಪನನ್ನು ಬೈಯುವ ಹಕ್ಕು ಅಲ್ಲಿಗೆ ನನಗೆ ತಪ್ಪಿಹೋಯಿತು.

ಅವರು ಹೊರಟ ಮೇಲೆ ಅವ್ವ, ಹಸ್ರು ಚೂಡಿದಾರ ಅಂದ್ರಲ್ಲ ಅಂದಳು. ಹಸಿರು ಚೂಡಿದಾರ್ ಹಾಕುವವಳು ಕನಕಪುರದಲ್ಲಿ ಒಬ್ಬಳೇನಾ ಅಂತ ಅಪ್ಪ ರೇಗಿದರು. ರೇಗಿದ್ದು ಅವ್ವನ ಮೇಲಲ್ಲ, ಆದರೆ ಅವ್ವನಿಗೆ ಬಿತ್ತು. ಆಗಲೇ ಹೋಗಬಹುದಿತ್ತು ನಾನು. ಆ ಹೊತ್ತಿಗೆ ಬಸ್ಸು ಇರಲಿಲ್ಲ ಅಂತ ಆಮೇಲೆ ತುಂಬಾ ಜನಕ್ಕೆ ಹೇಳಿದೆ. ಬಸ್ಸಿತ್ತು. ಸೋದರಮಾವನ ಬೈಕು ತಿರುಗುವ ಹೊತ್ತಿಗೆ ಒಂದು ಬಸ್ಸು ನಮ್ಮ ಊರ ಗೇಟಿನಲ್ಲಿ ನಿಂತು ಮುಂದಕ್ಕೆ ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಆಸ್ಪತ್ರೆಯಲ್ಲಿರುವವಳು ಅವಳಾಗಿದ್ದರೆ ಅನ್ನುವ ಭಯ ಒಂದು ಕಡೆ. ಸಂಬಂಧ ಮುರಿದರೆ, ನಾನು ಟೈಪ್ ಮಾಡಿದ ಸುಳ್ಳು ಹೊರಗೆ ಬಿದ್ದರೆ ಅನ್ನುವ ಭಯ ಇನ್ನೊಂದು ಕಡೆ. ಎರಡರಲ್ಲಿ ಯಾವುದು ದೊಡ್ಡದಿತ್ತು ಅಂತ ಕೇಳಬೇಡಿ, ನನ್ನನ್ನೇ ನಾನು ಕೇಳಿಕೊಂಡಿಲ್ಲ.

ಗುರುವಾರ ಬೆಳಿಗ್ಗೆ ಎದ್ದು ನೋಡಿದರೆ ಅವ್ವ ಸೀರೆ ಉಟ್ಟು, ಕೈಚೀಲ ಹಿಡಿದು ಹಿತ್ತಿಲ ಬಾಗಿಲಲ್ಲಿ ಕೂತಿದ್ದಳು. ಅಪ್ಪನಿಗೆ ಹೇಳದೆ ಇಬ್ಬರೂ ಮೊದಲ ಬಸ್ಸಿಗೆ ಹೊರಟೆವು. ದಾರಿಯುದ್ದಕ್ಕೂ ಹಾರೋಹಳ್ಳಿ ಬಸ್ಸಿಗೆ ಕಾಯುತ್ತಿದ್ದ ಫ್ಯಾಕ್ಟರಿ ಹುಡುಗಿಯರ ಚೂಡಿದಾರಿನ ಬಣ್ಣಗಳನ್ನೇ ಎಣಿಸುತ್ತಿದ್ದೆ. ಹಸಿರು ಕಂಡಾಗಲೆಲ್ಲ ಒಸಿ ಧೈರ್ಯ ಬರುತ್ತಿತ್ತು, ಅಪ್ಪ ಹೇಳಿದ್ದು ನಿಜವೇ ಇರಬೇಕು ಅಂತ.

ಆಸ್ಪತ್ರೆಯ ನರ್ಸಮ್ಮ ನಮ್ಮನ್ನು ಒಳಗೆ ಬಿಡಲು ಒಪ್ಪಲಿಲ್ಲ. ನಿನ್ನೆಯೇ ಫೋಟೋ ಹಿಡಿದು ನೋಡಿದ್ದೇವೆ, ನೀವು ಹುಡುಕುತ್ತಿರುವ ಹುಡುಗಿ ಇವಳಲ್ಲ, ಸುಮ್ಮನೆ ಆಸೆ ಇಟ್ಟುಕೊಳ್ಳಬೇಡಿ ಅಂತ ಮೆತ್ತಗೇ ಹೇಳಿದರು. ಮೇಜಿನ ಮೇಲಿದ್ದ ಪುಸ್ತಕ ನನಗೆ ತಲೆಕೆಳಗಾಗಿ ಕಾಣುತ್ತಿತ್ತು: ಅಪರಿಚಿತ ಮಹಿಳೆ, ಸುಮಾರು ಇಪ್ಪತ್ತಾರು ವರ್ಷ, ಕಪ್ಪು ಮೈಬಣ್ಣ. ನಾನು ಅದನ್ನು ಓದುತ್ತಿದ್ದ ಹಾಗೇ ಅವ್ವ ನರ್ಸಮ್ಮನ ಪಕ್ಕದಿಂದ ನುಗ್ಗಿ ಒಳಗೆ ಹೋಗಿಬಿಟ್ಟಳು. ಹಿಂದೆಯೇ ಓಡಿದೆ. ಮೂಲೆಯ ಮಂಚದಲ್ಲಿ ತಲೆಗೆಲ್ಲ ಬಟ್ಟೆ ಸುತ್ತಿ ಮಲಗಿಸಿದ್ದರು, ಮುಖ ಊದಿಕೊಂಡು ಗುರುತೇ ಹತ್ತುವ ಹಾಗಿರಲಿಲ್ಲ. ಅವ್ವ ಮುಖ ನೋಡಲೇ ಇಲ್ಲ. ಹೊದಿಕೆಯಿಂದ ಆಚೆ ಬಂದಿದ್ದ ಎರಡು ಪಾದ ಹಿಡಿದುಕೊಂಡು ನೆಲಕ್ಕೆ ಕೂತುಬಿಟ್ಟಳು.

ನನಗೆ ಅಳು ಬರಲಿಲ್ಲ. ನರ್ಸಮ್ಮ ಒಂದು ಸಲ ಮಂಚ ನೋಡಿದರು, ಒಂದು ಸಲ ಮೊಬೈಲು ನೋಡಿದರು. ಅವರೂ ನನ್ನ ತಂಗಿಯ ಬಣ್ಣದವರೇ.

"ಹಂಗಾದ್ರೆ ಈ ಫೋಟೋದಲ್ಲಿರೋದು ಯಾರಮ್ಮ?"

"ಇವಳೇ," ಅಂದೆ. "ನಾನು ಬೆಳ್ಳಗೆ ಮಾಡ್ದೆ."

ಅವರು ಮೊಬೈಲು ಜೇಬಿಗೆ ಹಾಕಿಕೊಂಡು ಡಾಕ್ಟರನ್ನು ಕರೆಯಲು ಹೋದರು. ಎರಡು ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ತಲೆಯೊಳಗೆ ರಕ್ತ ನಿಂತಿದೆ, ಬೆಂಗಳೂರಿಗೆ ಸಾಗಿಸಿ ಆಪರೇಷನ್ ಮಾಡಿಸಬೇಕು, ವಾರಸುದಾರರು ಇಲ್ಲ ಅಂತ ಅದಕ್ಕೆ ಬೇಕಾದ ಕಾಗದ ಪತ್ರ ಈಗಷ್ಟೇ ಆಗುತ್ತಿದೆ ಅಂದರು ಡಾಕ್ಟರು. ನಾನು ಕೇಳಬಾರದಿತ್ತು, ಕೇಳಿದೆ: ನಿನ್ನೆ ಸಂಜೆಯೇ ನಾವು ಬಂದಿದ್ದರೆ? ಬಂದು ಸಹಿ ಹಾಕಿದ್ದರೆ ನಿನ್ನೆಯೇ ಕಳಿಸುತ್ತಿದ್ದೆವು, ಒಂದು ರಾತ್ರಿ ಉಳಿಯುತ್ತಿತ್ತು ಅಂದರು. ಆ ಒಂದು ರಾತ್ರಿಯ ಕತೆ ಅಪ್ಪನಿಗೆ ಹೇಳಿದ್ದು ನಾನೇ. ಅಪ್ಪನ ಮುಖ ಕಪ್ಪಿಟ್ಟಿತು ಅಂತ ಬರೆಯಲು ಹೊರಟಿದ್ದೆ. ಬೇಡ, ಆ ಮಾತೂ ಬೇಡ. ಅಪ್ಪ ಗೋಡೆಗೆ ಮುಖ ಮಾಡಿ ನಿಂತು ಅತ್ತರು.

ಅವಳು ಬದುಕಿದಳು. ಬಲಗೈ ಈಗಲೂ ಭುಜದ ಮೇಲಕ್ಕೆ ಏಳುವುದಿಲ್ಲ, ಫ್ಯಾಕ್ಟರಿ ಕೆಲಸ ಹೋಯಿತು. ಮಾಗಡಿಯವರು ಒಂದು ಸಲ ಫೋನ್ ಮಾಡಿ ವಿಚಾರಿಸಿ ಸುಮ್ಮನಾದರು. ಮಾತು ಬರಲು ಎರಡು ತಿಂಗಳು ಹಿಡಿಯಿತು, ಅದೂ ಒಂದೊಂದೇ ಪದ, ಆಮೇಲಾಮೇಲೆ ಸಾಲು. ಅಷ್ಟೂ ದಿನ ಅವಳ ಪಕ್ಕದಲ್ಲಿ ಕೂತು ನಾನು ಹೇಳಬೇಕಾದದ್ದನ್ನು ಹೇಳದೆ ತಪ್ಪಿಸಿಕೊಂಡೆ. ಒಂದು ಮಧ್ಯಾಹ್ನ ಅನ್ನ ಸಾರು ಕಲಸಿ ತಿನ್ನಿಸುತ್ತಿದ್ದಾಗ ಇನ್ನು ತಡೆಯಲಾಗಲಿಲ್ಲ. ಸ್ಟೇಷನ್ನಿನಲ್ಲಿ ನಾನು ಬರೆದದ್ದು, ಕಳಿಸಿದ ಫೋಟೋ, ಸ್ಪೀಕರ್ ಫೋನು, ಅಪ್ಪ ಹೇಳಿದ ಮಾತು, ನಾನು ಹೇಳದೆ ಉಳಿಸಿಕೊಂಡ ಮಾತು, ಮುಂದಕ್ಕೆ ಹೋದ ಬಸ್ಸು, ಎಲ್ಲ ಹೇಳಿದೆ. ಬೈಯಲಿ ಅಂತ ಕಾದೆ. ಮೊದಲಿನ ಅವಳಾಗಿದ್ದರೆ ನನ್ನ ಜನ್ಮ ಜಾಲಾಡಿಬಿಡುತ್ತಿದ್ದಳು.

ಅವಳು ತುತ್ತು ನುಂಗಿ, ನೀರು ಕೇಳಿ ಕುಡಿದಳು. ಆ ಬುಧವಾರ ಒಂದಷ್ಟು ಹೊತ್ತು ತನಗೆ ಎಚ್ಚರವಿತ್ತು ಅಂದಳು. ಮಾತು ಕೇಳಿಸುತ್ತಿತ್ತು, ಅರೆಗಣ್ಣಲ್ಲಿ ಕಾಣುತ್ತಿತ್ತು, ನಾಲಿಗೆ ಮಾತ್ರ ಏಳುತ್ತಿರಲಿಲ್ಲ. ಯಾರೋ ಬಂದು ತನ್ನ ಮುಖದ ಪಕ್ಕಕ್ಕೆ ಮೊಬೈಲು ಹಿಡಿದರಂತೆ.

"ಆ ಫೋಟೋ ನಂಗೂ ಕಾಣ್ತು ಕಣಕ್ಕ," ಅಂದಳು, ಪದ ಪದಕ್ಕೂ ನಿಂತು ನಿಂತು. "ಯಾರೋ ಬೆಳ್ಳನೆ ಹುಡ್ಗಿ. ಕಳ್ದೋಗವ್ಳೆ ಅಂದ್ರು. ಪಾಪ, ಅವ್ಳ ಮನೆಯೋರು ಎಷ್ಟು ಹುಡುಕ್ತಾವ್ರೋ ಅನ್ಕಂಡೆ. ನನ್ನ ಯಾಕೆ ಯಾರೂ ಹುಡುಕ್ತಿಲ್ಲ ಅನ್ಕಂಡೆ."